ಪ್ಯಾಕೆಟ್ ಮೇಲೆ ಸಮಯದ ಠಸ್ಸೆ ಎಲ್ಲಿ ಬೀಳುತ್ತದೆ?

ಒಂದು ಸಲ ಎರಡು ದಿಕ್ಕಿನ ಪ್ಯಾಕೆಟ್ ಕ್ಯಾಪ್ಚರ್‌ಗಳನ್ನು, ಅಂದರೆ ನೆಟ್‌ವರ್ಕ್ ತಂತಿಯಲ್ಲಿ ಓಡುವ ಮಾಹಿತಿಯ ತುಣುಕುಗಳನ್ನು ಹಿಡಿದಿಟ್ಟ ದಾಖಲೆಗಳನ್ನು, ಕೂಡಿಸಿ ನೋಡುತ್ತಾ ಕೂತಿದ್ದೆ. ಕ್ಲೈಂಟ್ ಪ್ರಶ್ನೆ ಕೇಳುವ ಮೊದಲೇ ಸರ್ವರ್ ಉತ್ತರ ಕೊಟ್ಟುಬಿಟ್ಟಿತ್ತು! ಬರೀ 18 ಮೈಕ್ರೊಸೆಕೆಂಡ್ ಮುಂಚೆ, ಆದರೆ ಮುಂಚೆ ಅಂದರೆ ಮುಂಚೆಯೇ ಅಲ್ವಾ. ಪ್ರತಿ ಸಾಲಿನಲ್ಲೂ ಸೆಕೆಂಡಿನ ಚುಕ್ಕಿಯ ಮುಂದೆ ಒಂಬತ್ತು ಅಂಕಿಗಳಿದ್ದವು. ಅಷ್ಟೊಂದು ಅಂಕಿ ನೋಡಿ, ಇದು ಸುಳ್ಳಿರಲಾರದು ಅಂದುಕೊಂಡು ಅರ್ಧ ದಿನ ಸರ್ವರ್ ಕಡೆಯೇ ಹುಡುಕಿದೆ. ತಪ್ಪು ಸರ್ವರ್‌ನದಾಗಿರಲಿಲ್ಲ. ಹಿಡಿಯುವ ಯಂತ್ರದಲ್ಲಿ ಹೋಗುವ ಪ್ಯಾಕೆಟ್ ಒಂದು ಪೋರ್ಟ್‌ಗೆ, ಬರುವ ಪ್ಯಾಕೆಟ್ ಇನ್ನೊಂದು ಪೋರ್ಟ್‌ಗೆ ಬೀಳುತ್ತಿತ್ತು. ಒಂದು ಪೋರ್ಟ್ ತನ್ನ ಪ್ಯಾಕೆಟ್‌ಗಳನ್ನು ಬೇಗ ಒಪ್ಪಿಸಿತ್ತು, ಇನ್ನೊಂದು ತಡಮಾಡಿತ್ತು. ಒಂಬತ್ತು ಅಂಕಿಯಲ್ಲಿ ನಂಬಬಹುದಾದದ್ದು ನಾಲ್ಕೋ ಐದೋ ಅಷ್ಟೇ.

ಟೈಮ್‌ಸ್ಟ್ಯಾಂಪ್, ಅಂದರೆ ಈ ಸಮಯದ ಠಸ್ಸೆ, ಪ್ಯಾಕೆಟ್ ಜೊತೆ ತಂತಿಯ ಮೇಲೆ ಬರುವುದಿಲ್ಲ. ಈಥರ್ನೆಟ್ ಫ್ರೇಮ್‌ನಲ್ಲಿ, ಅಂದರೆ ತಂತಿಯ ಮೇಲೆ ಪ್ಯಾಕೆಟ್ ಹೊತ್ತು ಸಾಗುವ ಲಕೋಟೆಯಲ್ಲಿ, ಸಮಯ ಬರೆಯಲು ಜಾಗವೇ ಇಲ್ಲ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲೋ ಟಿಸಿಪಿಡಂಪ್‌ನಲ್ಲೋ ನಾವು ನೋಡುವ ಸಮಯ, ಪ್ಯಾಕೆಟ್ ಹಿಡಿದ ಯಂತ್ರ ಒತ್ತಿದ ಠಸ್ಸೆ. ಅಂಚೆ ಠಸ್ಸೆಯ ಹಾಗೇ ಇದೂ. ಪತ್ರ ಡಬ್ಬಕ್ಕೆ ಬಿದ್ದದ್ದು ಯಾವಾಗ ಅಂತ ಅಂಚೆ ಠಸ್ಸೆ ಹೇಳುವುದಿಲ್ಲ. ಠಸ್ಸೆ ಒತ್ತುವವರ ಕೈಗೆ ಅದು ಬಂದದ್ದು ಯಾವಾಗ ಅಂತ ಮಾತ್ರ ಹೇಳುತ್ತದೆ. ಹಾಗಾಗಿ ಟೈಮ್‌ಸ್ಟ್ಯಾಂಪ್ ಸುಧಾರಿಸಬೇಕು ಅನ್ನುವವರು ಮೊದಲು ಕೇಳಬೇಕಾದದ್ದು ಎಷ್ಟು ಅಂಕಿ ಅಂತಲ್ಲ. ಠಸ್ಸೆ ಬಿದ್ದದ್ದು ಎಲ್ಲಿ, ಯಾವ ಗಡಿಯಾರ ನೋಡಿ, ಆಮೇಲೆ ಆ ಸಂಖ್ಯೆ ಯಾವ ಯಾವ ಡಬ್ಬಿಗಳಲ್ಲಿ ಕೂತು ನಮ್ಮ ತನಕ ಬಂತು ಅಂತ.

ಎಷ್ಟು ಸೂಕ್ಷ್ಮ ಬೇಕು?

ಲೆಕ್ಕ ಸುಲಭ. ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್. ಅದರ ಮುಂದೆ 8 ಬೈಟ್ ಪೀಠಿಕೆ, ಹಿಂದೆ 12 ಬೈಟ್‌ನಷ್ಟು ಖಾಲಿ ಜಾಗ. ಒಟ್ಟು 84 ಬೈಟ್, ಅಂದರೆ 672 ಬಿಟ್. ಸೆಕೆಂಡಿಗೆ 10 ಮೆಗಾಬಿಟ್ ವೇಗದ ತಂತಿಯಲ್ಲಿ ಇದು ಹಾದುಹೋಗಲು 67.2 ಮೈಕ್ರೊಸೆಕೆಂಡ್ ಬೇಕು. 1 ಗಿಗಾಬಿಟ್‌ನಲ್ಲಿ 672 ನ್ಯಾನೊಸೆಕೆಂಡ್. 10 ಗಿಗಾಬಿಟ್‌ನಲ್ಲಿ 67.2 ನ್ಯಾನೊಸೆಕೆಂಡ್. 100 ಗಿಗಾಬಿಟ್‌ಗೆ ಬಂದರೆ 6.72 ನ್ಯಾನೊಸೆಕೆಂಡ್ ಅಷ್ಟೇ.

ಟಿಸಿಪಿಡಂಪ್ ಹುಟ್ಟಿದ್ದು 1980ರ ದಶಕದ ಕೊನೆಯಲ್ಲಿ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ. ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಅದನ್ನು ಬರೆದರು. ಆಗಿನ ಈಥರ್ನೆಟ್ 10 ಮೆಗಾಬಿಟ್. ಎರಡು ಪ್ಯಾಕೆಟ್ ನಡುವೆ ಕಡಿಮೆ ಅಂದರೂ 67 ಮೈಕ್ರೊಸೆಕೆಂಡ್ ಇರುವಾಗ ಮೈಕ್ರೊಸೆಕೆಂಡ್ ಲೆಕ್ಕದ ಠಸ್ಸೆ ಧಾರಾಳ. ಅವರ ಆಯ್ಕೆ ಸರಿಯಾಗಿಯೇ ಇತ್ತು. ಆಮೇಲೆ ತಂತಿ ಓಡಿತು, ಠಸ್ಸೆ ಅಲ್ಲೇ ನಿಂತಿತು. ಈಗ 10 ಗಿಗಾಬಿಟ್ ತಂತಿಯಲ್ಲಿ ಒಂದೇ ಮೈಕ್ರೊಸೆಕೆಂಡ್‌ನೊಳಗೆ ಹದಿನಾಲ್ಕು ಹದಿನೈದು ಪ್ಯಾಕೆಟ್ ಬರಬಹುದು. ಎಲ್ಲಕ್ಕೂ ಒಂದೇ ಸಮಯ. ಯಾವುದು ಮೊದಲು ಯಾವುದು ಆಮೇಲೆ ಅಂತ ಠಸ್ಸೆ ನೋಡಿ ಹೇಳಲು ಆಗುವುದಿಲ್ಲ.

ಹಾಗಂತ ಎಲ್ಲರಿಗೂ ನ್ಯಾನೊಸೆಕೆಂಡ್ ಬೇಕಿಲ್ಲ. ವೆಬ್ ಪುಟ ಯಾಕೆ ನಿಧಾನ ಅಂತ ಹುಡುಕುವವರಿಗೆ ಮಿಲಿಸೆಕೆಂಡ್ ಸಾಕು. ಷೇರು ವಹಿವಾಟು, ಧ್ವನಿ ಮತ್ತು ವಿಡಿಯೊ ಪ್ರಸಾರ, ನೆಟ್‌ವರ್ಕ್ ಸ್ವಿಚ್‌ಗಳ ತಡ ಅಳೆಯುವ ಕೆಲಸ, ಡೇಟಾ ಸೆಂಟರ್ ಒಳಗಿನ ಕ್ಷಣಿಕ ದಟ್ಟಣೆ: ಇಲ್ಲೆಲ್ಲ ಸೂಕ್ಷ್ಮ ಬೇಕು. ಐರೋಪ್ಯ ಒಕ್ಕೂಟದಲ್ಲಿ 2018ರ ಜನವರಿಯಿಂದ, ಅತಿವೇಗದ ವಹಿವಾಟು ಮಾಡುವವರ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಿಂದ 100 ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಆಚೀಚೆ ಹೋಗಬಾರದು ಅಂತ ನಿಯಮವೇ ಇದೆ.

ತಂತಿಯಿಂದ ಠಸ್ಸೆಯ ತನಕ

ಪ್ಯಾಕೆಟ್ ನೆಟ್‌ವರ್ಕ್ ಕಾರ್ಡ್‌ಗೆ ಬಂದು ಮುಟ್ಟಿತು ಅಂದುಕೊಳ್ಳೋಣ. ಕಾರ್ಡ್ ಅದನ್ನು ಮೊದಲು ಪೂರ್ತಿ ತೆಗೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನ ಮೆಮರಿಗೆ ನೇರವಾಗಿ ಬರೆಯುತ್ತದೆ. ಆಮೇಲೆ ಪ್ರೊಸೆಸರ್‌ಗೆ "ಬಂದಿದೆ, ನೋಡು" ಅಂತ ಇಂಟರಪ್ಟ್ ಕಳಿಸುತ್ತದೆ. ಪ್ರೊಸೆಸರ್ ಬೇರೆ ಕೆಲಸದಲ್ಲಿರಬಹುದು, ಅರೆನಿದ್ದೆಯಲ್ಲೂ ಇರಬಹುದು. ಎದ್ದು ಬಂದು, ಡ್ರೈವರ್ ಓಡಿಸಿ, ಪ್ಯಾಕೆಟ್‌ಗಳ ಸಾಲಿನಿಂದ ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ಸಾಮಾನ್ಯ ಕ್ಯಾಪ್ಚರ್‌ನಲ್ಲಿ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಗಡಿಯಾರ ನೋಡಿ ಠಸ್ಸೆ ಒತ್ತುವುದು ಇಷ್ಟೆಲ್ಲ ಆದ ಮೇಲೆ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಕಿತಾಪತಿ ಇಂಟರಪ್ಟ್ ಗುಂಪು ಮಾಡುವುದು. ಪ್ರತಿ ಪ್ಯಾಕೆಟ್‌ಗೂ ಒಂದು ಇಂಟರಪ್ಟ್ ಕಳಿಸಿದರೆ ಪ್ರೊಸೆಸರ್‌ಗೆ ಉಸಿರಾಡಲೂ ಬಿಡುವು ಸಿಗದು. ಅದಕ್ಕೆ ಕಾರ್ಡ್ ಸ್ವಲ್ಪ ಕಾದು, ಹಲವು ಪ್ಯಾಕೆಟ್‌ಗಳಿಗೆ ಸೇರಿಸಿ ಒಂದೇ ಸಲ ಎಬ್ಬಿಸುತ್ತದೆ. ವೇಗಕ್ಕೆ ಇದು ಒಳ್ಳೆಯದು, ಠಸ್ಸೆಗೆ ಕೆಟ್ಟದ್ದು. ತಂತಿಯ ಮೇಲೆ ಸರಿಯಾಗಿ 10 ಮೈಕ್ರೊಸೆಕೆಂಡ್‌ಗೊಂದರಂತೆ ಪ್ಯಾಕೆಟ್ ಬರುತ್ತಿದೆ, ಕಾರ್ಡ್ 50 ಮೈಕ್ರೊಸೆಕೆಂಡ್ ಕಾಯುತ್ತದೆ ಅನ್ನಿ. ಐದು ಪ್ಯಾಕೆಟ್ ಒಟ್ಟಿಗೆ ಒಳಗೆ ಬರುತ್ತವೆ. ಕರ್ನಲ್ ಅವಕ್ಕೆ ಸರಸರನೆ ಠಸ್ಸೆ ಒತ್ತುತ್ತದೆ. ಫೈಲ್‌ನಲ್ಲಿ ಅಂತರ ಹೀಗೆ ಕಾಣಬಹುದು: 0.3, 0.3, 0.3, 0.3, ಆಮೇಲೆ ಒಮ್ಮೆಲೇ 48.8. ಸಮವಾಗಿ ನಡೆದು ಬಂದ ಪ್ಯಾಕೆಟ್‌ಗಳು ಗುಂಪು ಗುಂಪಾಗಿ ಓಡಿ ಬಂದಂತೆ ಕಾಣುತ್ತವೆ. ಇದನ್ನು ನೋಡಿ "ಕಳಿಸುವವರು ಒಮ್ಮೆಲೇ ಸುರಿಯುತ್ತಿದ್ದಾರೆ" ಅಂತ ದೂರುವವರನ್ನು ನಾನು ನೋಡಿದ್ದೇನೆ. ನಾನೂ ದೂರಿದ್ದೇನೆ, ಸುಮ್ನೆ ಯಾಕೆ ಮುಚ್ಚಿಡಲಿ.

ಈ ಠಸ್ಸೆಗಳನ್ನು ನ್ಯಾನೊಸೆಕೆಂಡ್‌ನಲ್ಲಿ ಬರೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. 0.3 ಇದ್ದದ್ದು 0.312 ಆಗುತ್ತದೆ. ತಪ್ಪು ಇನ್ನಷ್ಟು ನಿಖರವಾಗಿ ದಾಖಲಾಗುತ್ತದೆ.

ಲಿನಕ್ಸ್‌ನಲ್ಲಿ ಈ ಕಾಯುವಿಕೆಯನ್ನು ಈಥ್‌ಟೂಲ್ ಆಜ್ಞೆಯಿಂದ ಸೊನ್ನೆಗೆ ಇಳಿಸಬಹುದು. ಪ್ಯಾಕೆಟ್ ಕಡಿಮೆ ಇರುವ ತಂತಿಯಲ್ಲಿ ಇದು ಒಳ್ಳೆಯ, ಬಿಟ್ಟಿ ಸುಧಾರಣೆ. 10 ಗಿಗಾಬಿಟ್ ತುಂಬಿ ಹರಿಯುವಲ್ಲಿ ಮಾಡಲು ಹೋದರೆ ಪ್ರೊಸೆಸರ್ ಏದುಸಿರು ಬಿಟ್ಟು ಪ್ಯಾಕೆಟ್‌ಗಳನ್ನೇ ಕೈಬಿಡುತ್ತದೆ. ಠಸ್ಸೆ ಚೆನ್ನಾಗಿದೆ, ಪತ್ರವೇ ಇಲ್ಲ ಅನ್ನುವ ಸ್ಥಿತಿ. ಪ್ರೊಸೆಸರಿನ ಆಳವಾದ ನಿದ್ದೆಯ ಹಂತಗಳನ್ನು ನಿಲ್ಲಿಸುವುದರಿಂದಲೂ, ಇಂಟರಪ್ಟ್‌ಗಳನ್ನು ಒಂದೇ ಕೋರ್‌ಗೆ ಕಟ್ಟಿಹಾಕುವುದರಿಂದಲೂ ಸ್ವಲ್ಪ ಲಾಭ ಇದೆ.

ಇದೇ ಜಾತಿಯ ಇನ್ನೊಂದು ಮೋಸ, ಪ್ಯಾಕೆಟ್‌ಗಳನ್ನು ಒಂದುಗೂಡಿಸುವುದು. ಬರುವ ದಾರಿಯಲ್ಲಿ ಕಾರ್ಡ್ ಅಥವಾ ಕರ್ನಲ್ ಒಂದೇ ಸಂಪರ್ಕದ ಹಲವು ಚಿಕ್ಕ ಪ್ಯಾಕೆಟ್‌ಗಳನ್ನು ಹೊಲಿದು ಒಂದು ದೊಡ್ಡದು ಮಾಡುತ್ತದೆ. ಹೋಗುವ ದಾರಿಯಲ್ಲಿ ಕರ್ನಲ್ 64 ಕಿಲೊಬೈಟ್ ತನಕದ ದೊಡ್ಡ ತುಂಡನ್ನೇ ಕಾರ್ಡ್‌ಗೆ ಕೊಡುತ್ತದೆ, ಕತ್ತರಿಸುವ ಕೆಲಸ ಕಾರ್ಡಿನದ್ದು. ಅದೇ ಯಂತ್ರದಲ್ಲಿ ಕ್ಯಾಪ್ಚರ್ ಮಾಡುತ್ತಿದ್ದರೆ ನಮಗೆ ಕಾಣುವುದು ಆ ದೊಡ್ಡ ತುಂಡು, ಅದಕ್ಕೆ ಒಂದೇ ಠಸ್ಸೆ. 64 ಕಿಲೊಬೈಟ್ 1 ಗಿಗಾಬಿಟ್ ತಂತಿಯಲ್ಲಿ ಹೋಗಲು ಅರ್ಧ ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತು ತಂತಿಯ ಮೇಲೆ ಏನಾಯಿತು ಅನ್ನುವುದು ಫೈಲ್‌ನಲ್ಲಿ ಇರುವುದೇ ಇಲ್ಲ. ಮೇಲಾಗಿ ಹೋಗುವ ಪ್ಯಾಕೆಟ್‌ಗೆ ಠಸ್ಸೆ ಬೀಳುವುದು ಅದು ಕಾರ್ಡ್ ತಲುಪುವ ಮೊದಲೇ. ಅಳತೆಗಾಗಿ ಹಿಡಿಯುವಾಗ ಈ ಒಂದುಗೂಡಿಸುವ ಸೌಲಭ್ಯಗಳನ್ನೆಲ್ಲ ಆರಿಸಿ. ಸಾಧ್ಯವಾದರೆ ಮಾತಾಡುವ ಯಂತ್ರದಲ್ಲಿ ಹಿಡಿಯಬೇಡಿ, ನಡುವೆ ತಂತಿಯ ಸಂಕೇತ ನಕಲು ಮಾಡುವ ಒಂದು ಟ್ಯಾಪ್ ಹಾಕಿ ಬೇರೆ ಯಂತ್ರದಲ್ಲಿ ಹಿಡಿಯಿರಿ.

ಟ್ಯಾಪ್ ಬದಲು ಸ್ವಿಚ್‌ನ ಮಿರರ್ ಪೋರ್ಟ್ ಬಳಸುವುದು ರೂಢಿ. ಅಲ್ಲಿ ಸ್ವಿಚ್ ತನ್ನ ಪುರಸೊತ್ತಿನಲ್ಲಿ ನಕಲು ಕಳಿಸುತ್ತದೆ. ಆ ತಡವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಸರಿಪಡಿಸಲು ಆಗುವುದಿಲ್ಲ.

ಯಾವ ಗಡಿಯಾರ?

ಕರ್ನಲ್ "ಗಡಿಯಾರ ನೋಡುತ್ತದೆ" ಅಂದೆ. ಕಂಪ್ಯೂಟರಿನಲ್ಲಿ ಗಡಿಯಾರ ಒಂದೇ ಇರುವುದಿಲ್ಲ. ಈಗಿನ ಪ್ರೊಸೆಸರ್‌ಗಳ ಒಳಗೇ ಟಿಎಸ್‌ಸಿ ಅನ್ನುವ ಎಣಿಕೆಗಾರ ಇದೆ. ಅದನ್ನು ಓದಲು ಕೆಲವೇ ಹತ್ತು ನ್ಯಾನೊಸೆಕೆಂಡ್ ಸಾಕು. ಅದು ನಂಬಿಕೆಗೆ ಯೋಗ್ಯವಲ್ಲ ಅಂತ ಅನಿಸಿದರೆ ಲಿನಕ್ಸ್ ಬೇರೆ ಗಡಿಯಾರಕ್ಕೆ ಹೋಗುತ್ತದೆ. ಅಂಥ ಒಂದು ಗಡಿಯಾರ ಎಸಿಪಿಐ ಟೈಮರ್, ಅದು ಸೆಕೆಂಡಿಗೆ ಸುಮಾರು 35 ಲಕ್ಷದ 80 ಸಾವಿರ ಸಲ ಟಿಕ್ ಅನ್ನುತ್ತದೆ. ಅಂದರೆ ಒಂದು ಟಿಕ್‌ಗೆ ಸುಮಾರು 279 ನ್ಯಾನೊಸೆಕೆಂಡ್. ಅದಕ್ಕಿಂತ ಸೂಕ್ಷ್ಮ ಅದರಿಂದ ಬರಲಾರದು. ಓದಲೂ ನಿಧಾನ. 67 ನ್ಯಾನೊಸೆಕೆಂಡ್‌ಗೊಂದು ಪ್ಯಾಕೆಟ್ ಬರುವ ಕಡೆ ಗಡಿಯಾರ ಓದುವುದೇ ಅದಕ್ಕಿಂತ ಹೊತ್ತು ಹಿಡಿದರೆ ಕೆಲಸ ಕೆಟ್ಟಂತೆ. ವರ್ಚುಯಲ್ ಯಂತ್ರಗಳಲ್ಲಿ ಇದನ್ನು ನೋಡಲೇಬೇಕು. ಯಾವ ಗಡಿಯಾರ ಬಳಕೆಯಲ್ಲಿದೆ ಅಂತ ಲಿನಕ್ಸ್ ಒಂದು ಪುಟ್ಟ ಫೈಲ್‌ನಲ್ಲಿ ತೋರಿಸುತ್ತದೆ. ಅದನ್ನು ನೋಡಲು ಹತ್ತು ಸೆಕೆಂಡ್ ಸಾಕು, ಆದರೆ ಯಾರೂ ನೋಡುವುದಿಲ್ಲ.

ವಿಂಡೋಸ್ ಕಥೆ ಇನ್ನೂ ಪಾಠದಂತಿದೆ. ಅಲ್ಲಿನ ಹಳೆಯ ಸಿಸ್ಟಮ್ ಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಮಾತ್ರ ಮುಂದೆ ಜರಗುತ್ತಿತ್ತು. ಒಂದು ಹೆಜ್ಜೆ ಅಂದರೆ 15.6 ಮಿಲಿಸೆಕೆಂಡ್. 1 ಗಿಗಾಬಿಟ್ ತಂತಿಯಲ್ಲಿ ಅಷ್ಟರೊಳಗೆ 23 ಸಾವಿರ ಚಿಕ್ಕ ಪ್ಯಾಕೆಟ್ ಹಾದುಹೋಗಬಹುದು, ಎಲ್ಲಕ್ಕೂ ಒಂದೇ ಠಸ್ಸೆ! ಅದಕ್ಕೆ ವಿನ್‌ಪಿಕ್ಯಾಪ್ ಅನ್ನುವ ವಿಂಡೋಸ್ ಕ್ಯಾಪ್ಚರ್ ಲೈಬ್ರರಿ ಬೇರೆ ದಾರಿ ಹಿಡಿಯಿತು. ಕ್ಯಾಪ್ಚರ್ ಶುರುವಾಗುವಾಗ ಸಿಸ್ಟಮ್ ಸಮಯವನ್ನು ಒಂದೇ ಸಲ ನೋಡಿಕೊಂಡು, ಆಮೇಲೆ ಸೂಕ್ಷ್ಮ ಎಣಿಕೆಗಾರನನ್ನೇ ನಂಬಿ ಮುಂದೆ ಹೋಗುವುದು. ಪಕ್ಕಪಕ್ಕದ ಪ್ಯಾಕೆಟ್‌ಗಳ ಅಂತರ ಇದರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಕ್ಯಾಪ್ಚರ್ ದಿನಗಟ್ಟಲೆ ಓಡಿದರೆ, ನಡುವೆ ಸಿಸ್ಟಮ್ ಗಡಿಯಾರವನ್ನು ಯಾರು ಎಷ್ಟು ಸಲ ತಿದ್ದಿದರೂ ಇದಕ್ಕೆ ಗೊತ್ತಾಗುವುದಿಲ್ಲ. ಫೈಲ್‌ನ ಸಮಯ ನಿಧಾನವಾಗಿ ಗೋಡೆ ಗಡಿಯಾರದಿಂದ ದೂರ ಜಾರುತ್ತದೆ. ವಿಂಡೋಸ್ 8 ನಿಖರ ಸಿಸ್ಟಮ್ ಸಮಯ ಓದುವ ಹೊಸ ದಾರಿ ಕೊಟ್ಟಿತು. ವಿನ್‌ಪಿಕ್ಯಾಪ್ ಜಾಗಕ್ಕೆ ಬಂದ ಎನ್‌ಪಿಕ್ಯಾಪ್‌ನಲ್ಲಿ ಆ ಬಗೆಯನ್ನೂ ಆರಿಸಿಕೊಳ್ಳಬಹುದು.

ಅಂತರ ಬೇಕೋ, ನಿಜವಾದ ಸಮಯ ಬೇಕೋ ಅನ್ನುವುದು ಇಲ್ಲಿ ಬೇರೆಯಾಗುತ್ತದೆ ನೋಡಿ. ಸಿಸ್ಟಮ್ ಗಡಿಯಾರವನ್ನು ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ, ಹಿಂದಕ್ಕೆ ಎಳೆದು ಕೂರಿಸಿದರೆ, ಫೈಲ್‌ನಲ್ಲಿ ಒಂದು ಪ್ಯಾಕೆಟ್ ತನ್ನ ಹಿಂದಿನದಕ್ಕಿಂತ ಮೊದಲು ಬಂದಂತೆ ಕಾಣುತ್ತದೆ. ಎಳೆಯದೆ ನಿಧಾನಕ್ಕೆ ಸರಿಸಿದರೆ ಅಂತರಗಳೆಲ್ಲ ಚೂರು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಎರಡರಲ್ಲಿ ಯಾವುದು ತಮ್ಮ ಕೆಲಸಕ್ಕೆ ಕಡಿಮೆ ತೊಂದರೆ ಅಂತ ಅಳೆಯುವವರೇ ತೀರ್ಮಾನಿಸಬೇಕು. ನನ್ನ ಕೇಳಿದರೆ, ಅಳತೆ ನಡೆಯುವಾಗ ಗಡಿಯಾರ ಹಾರುವುದನ್ನು ಮಾತ್ರ ಬಿಡಲೇಬಾರದು.

ಡಬ್ಬಿ ಚಿಕ್ಕದಾದರೆ

ಕರ್ನಲ್ ಒಳಗೆ ಲಿನಕ್ಸ್ ನ್ಯಾನೊಸೆಕೆಂಡ್ ಲೆಕ್ಕವನ್ನೇ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹಲವು ಡಬ್ಬಿಗಳನ್ನು ದಾಟಿ ಬರಬೇಕು. ಅದರಲ್ಲಿ ಒಂದು ಚಿಕ್ಕದಿದ್ದರೂ ಸಾಕು, ಬಾಲ ಕತ್ತರಿಸಿ ಹೋಗುತ್ತದೆ. ಕ್ಯಾಪ್ಚರ್ ಸಾಫ್ಟ್‌ವೇರ್ ಬರೆಯುವವರು ನಿಜವಾಗಿ ಕೈಹಾಕಬಹುದಾದ ಜಾಗ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲ ಡಬ್ಬಿ, ಕರ್ನಲ್ ಮತ್ತು ಪ್ರೋಗ್ರಾಮ್ ಹಂಚಿಕೊಳ್ಳುವ ಮೆಮರಿ. ಲಿನಕ್ಸ್‌ನ ಈ ಪ್ಯಾಕೆಟ್ ಬಫರ್‌ನ ಮೊದಲ ಆವೃತ್ತಿಯಲ್ಲಿ ಮೈಕ್ರೊಸೆಕೆಂಡ್‌ಗೆ ಮಾತ್ರ ಜಾಗ ಇತ್ತು. ಎರಡನೆಯದರಿಂದ ನ್ಯಾನೊಸೆಕೆಂಡ್ ಬಂತು. ಹಳೆಯ ಆವೃತ್ತಿಯನ್ನೇ ಕೇಳುವ ಪ್ರೋಗ್ರಾಮ್‌ಗೆ ಮುಂದೆ ಏನು ಮಾಡಿದರೂ ಕೊನೆಯ ಮೂರು ಅಂಕಿ ಸಿಗುವುದಿಲ್ಲ.

ಎರಡನೇ ಡಬ್ಬಿ, ಲಿಬ್‌ಪಿಕ್ಯಾಪ್. ಟಿಸಿಪಿಡಂಪ್, ವೈರ್‌ಶಾರ್ಕ್ ಎರಡೂ ನಿಂತಿರುವುದು ಈ ಲೈಬ್ರರಿಯ ಮೇಲೆ. ಇದರ ಪ್ಯಾಕೆಟ್ ಹೆಡರ್‌ನಲ್ಲಿ ಸೆಕೆಂಡ್ ಒಂದು ಕಡೆ, ಮೈಕ್ರೊಸೆಕೆಂಡ್ ಇನ್ನೊಂದು ಕಡೆ. ಸಾವಿರಾರು ಪ್ರೋಗ್ರಾಮ್‌ಗಳು ಈ ರಚನೆಯನ್ನು ನಂಬಿಕೊಂಡಿದ್ದವು, ಬದಲಿಸುವಂತಿರಲಿಲ್ಲ. 2013ರಲ್ಲಿ ಬಂದ 1.5 ಆವೃತ್ತಿ ಒಂದು ಜಾಣ ಉಪಾಯ ಮಾಡಿತು. ಕ್ಯಾಪ್ಚರ್ ಶುರು ಮಾಡುವ ಮೊದಲು ಪ್ರೋಗ್ರಾಮ್ "ನನಗೆ ನ್ಯಾನೊಸೆಕೆಂಡ್ ಬೇಕು" ಅಂತ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಅದೇ ಮೈಕ್ರೊಸೆಕೆಂಡ್ ಜಾಗದಲ್ಲಿ ನ್ಯಾನೊಸೆಕೆಂಡ್ ತುಂಬಿ ಕೊಡುತ್ತದೆ. ಹೆಸರು ಮಾತ್ರ ಮೈಕ್ರೊ, ಒಳಗಿರುವುದು ನ್ಯಾನೊ. ಕೋಡ್ ಓದುವವರಿಗೆ ತಲೆ ತಿರುಗುತ್ತದೆ, ಆದರೆ ಹಳೆಯ ಪ್ರೋಗ್ರಾಮ್ ಒಂದೂ ಮುರಿಯಲಿಲ್ಲ. ಕೇಳದಿದ್ದರೆ ಈಗಲೂ ಸಿಗುವುದು ಮೈಕ್ರೊಸೆಕೆಂಡೇ. ನ್ಯಾನೊಸೆಕೆಂಡ್ ಫೈಲ್ ಒಂದನ್ನು ಸಾಮಾನ್ಯ ರೀತಿಯಲ್ಲಿ ತೆರೆದರೂ ಲೈಬ್ರರಿ ಸದ್ದಿಲ್ಲದೆ ಕೊನೆಯ ಮೂರು ಅಂಕಿ ಕತ್ತರಿಸಿ ಕೊಡುತ್ತದೆ. ನಮ್ಮ ಪ್ರೋಗ್ರಾಮ್ ಯಾಕೆ ಸೂಕ್ಷ್ಮ ತೋರಿಸುತ್ತಿಲ್ಲ ಅಂತ ಹುಡುಕುವವರು ಮೊದಲು ನೋಡಬೇಕಾದ ಸಾಲು ಇದು.

ಮೂರನೆಯದು ಫೈಲ್. ಪಿಕ್ಯಾಪ್ ಫೈಲ್‌ನಲ್ಲಿ ಪ್ರತಿ ಪ್ಯಾಕೆಟ್‌ಗೂ 16 ಬೈಟ್ ಹೆಡರ್. ಅದರಲ್ಲಿ 32 ಬಿಟ್ ಸೆಕೆಂಡ್‌ಗೆ, 32 ಬಿಟ್ ಮೈಕ್ರೊಸೆಕೆಂಡ್‌ಗೆ. 99 ಕೋಟಿ ಚಿಲ್ಲರೆ ನ್ಯಾನೊಸೆಕೆಂಡ್ ಕೂಡ 32 ಬಿಟ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಹಾಗಾಗಿ ನ್ಯಾನೊಗೆ ಹೋಗಲು ಒಂದು ಬೈಟ್ ಕೂಡ ಜಾಸ್ತಿ ಬೇಕಾಗಲಿಲ್ಲ, ಫೈಲ್‌ನ ಮೊದಲ ನಾಲ್ಕು ಬೈಟ್ ಬದಲಿಸಿದರು ಅಷ್ಟೇ. ಎ1ಬಿ2ಸಿ3ಡಿ4 ಅಂತ ಇದ್ದರೆ ಮೈಕ್ರೊ, ಎ1ಬಿ23ಸಿ4ಡಿ ಅಂತ ಇದ್ದರೆ ನ್ಯಾನೊ. ಗಮನಿಸಿ ನೋಡಿದರೆ ಕೊನೆಯ ನಾಲ್ಕು ಅಕ್ಷರ ಎರಡೆರಡಾಗಿ ಜಾಗ ಬದಲಿಸಿವೆ. ಹಳೆಯ ಪ್ರೋಗ್ರಾಮ್ ಹೊಸ ಗುರುತು ಕಂಡರೆ "ಇದು ನನಗೆ ಗೊತ್ತಿಲ್ಲ" ಅಂತ ಕೈಚೆಲ್ಲುತ್ತದೆ. ಅದು ಒಳ್ಳೆಯದೇ. ಗುರುತನ್ನು ಸರಿಯಾಗಿ ನೋಡದೆ ಓದುವ, ಮನೆಯಲ್ಲೇ ಬರೆದುಕೊಂಡ ಸ್ಕ್ರಿಪ್ಟ್‌ಗಳು ಅಪಾಯ. ಅವು 0.9 ಸೆಕೆಂಡನ್ನು 90 ಕೋಟಿ ಮೈಕ್ರೊಸೆಕೆಂಡ್ ಅಂತ ಓದಿ 15 ನಿಮಿಷ ಮುಂದಕ್ಕೆ ಹಾರುತ್ತವೆ.

ಪಿಕ್ಯಾಪ್‌ಎನ್‌ಜಿ ಅನ್ನುವ ಹೊಸ ಬಗೆಯ ಫೈಲ್ ಇನ್ನೂ ಧಾರಾಳ. ಅಲ್ಲಿ ಸಮಯಕ್ಕೆ ಒಟ್ಟು 64 ಬಿಟ್ ಇದೆ. ಒಂದು ಅಂಕಿಯ ಬೆಲೆ ಎಷ್ಟು ಅಂತ ಪ್ರತಿ ಇಂಟರ್‌ಫೇಸ್‌ಗೂ ಬೇರೆ ಬೇರೆಯಾಗಿ ಹೇಳಬಹುದು. ಒಂದು ಪೋರ್ಟ್ ಮೈಕ್ರೊ, ಇನ್ನೊಂದು ನ್ಯಾನೊ ಇದ್ದರೂ ನಡೆಯುತ್ತದೆ. ಹತ್ತರ ಘಾತ ಬೇಡ, ಎರಡರ ಘಾತ ಬೇಕು ಅಂದರೂ ಸರಿ. ಆದರೆ ಏನೂ ಹೇಳದಿದ್ದರೆ ಮೈಕ್ರೊಸೆಕೆಂಡ್ ಅಂತಲೇ ಅರ್ಥ. ನ್ಯಾನೊಸೆಕೆಂಡ್ ಎಣಿಕೆ ಬರೆದು ಆ ಒಂದು ಆಯ್ಕೆಯನ್ನು ಬರೆಯಲು ಮರೆತರೆ ಪ್ಯಾಕೆಟ್‌ಗಳು 50 ಸಾವಿರಕ್ಕೂ ಹೆಚ್ಚು ವರ್ಷ ಮುಂದಿನ ದಿನಾಂಕ ಹೊತ್ತು ಬರುತ್ತವೆ. ಈ ತಪ್ಪು ನನಗೆ ಇಷ್ಟ, ಯಾಕಂದರೆ ಕಣ್ಣಿಗೆ ರಾಚುತ್ತದೆ.

ರಾಚದ ತಪ್ಪು ಇನ್ನೊಂದಿದೆ. ಸಮಯವನ್ನು ದಶಮಾಂಶ ಸಂಖ್ಯೆಯಾಗಿ, ಅಂದರೆ 64 ಬಿಟ್ ಫ್ಲೋಟ್ ಆಗಿ ಇಡುವುದು. ವಿಶ್ಲೇಷಣೆಯ ಸ್ಕ್ರಿಪ್ಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಫ್ಲೋಟ್‌ನಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್. 1970ರಿಂದ ಎಣಿಸಿದ ಸೆಕೆಂಡ್‌ಗಳು ಈಗ 170 ಕೋಟಿ ದಾಟಿವೆ. ಅದಕ್ಕೇ 31 ಬಿಟ್ ಹೋಯಿತು. ಉಳಿದ 22 ಬಿಟ್‌ನಲ್ಲಿ ಸೆಕೆಂಡಿನ ಭಾಗ ಹಿಡಿಸಬೇಕು. ಅಂದರೆ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ ಸುಮಾರು 238 ನ್ಯಾನೊಸೆಕೆಂಡ್. ನೀವು ಎಷ್ಟೇ ದುಬಾರಿ ಕಾರ್ಡ್ ತಂದು ಹಾಕಿ, ಫ್ಲೋಟ್‌ಗೆ ಹಾಕಿದ ಕ್ಷಣ ಅದು 238 ನ್ಯಾನೊಸೆಕೆಂಡ್‌ನ ಮೆಟ್ಟಿಲಿಗೆ ಬಂದು ಕೂರುತ್ತದೆ. ಪರದೆಯ ಮೇಲೆ ಒಂಬತ್ತು ಅಂಕಿ ಕಾಣುತ್ತಲೇ ಇರುತ್ತವೆ. ಮದ್ದು ಸುಲಭ: ಪೂರ್ಣಾಂಕದಲ್ಲೇ ಇಡಿ, ಮೊದಲು ಕಳೆಯಿರಿ, ಭಾಗಿಸುವುದು ಆಮೇಲೆ.

ನ್ಯಾನೊದಿಂದ ಮೈಕ್ರೊಗೆ ಇಳಿಸುವಾಗಲೂ ಒಂದು ಮಾತು. ಹತ್ತಿರದ ಅಂಕಿಗೆ ಏರಿಸಲು ಹೋದರೆ 999,999,700 ನ್ಯಾನೊಸೆಕೆಂಡ್ 10 ಲಕ್ಷ ಮೈಕ್ರೊಸೆಕೆಂಡ್ ಆಗುತ್ತದೆ. ಸೆಕೆಂಡಿಗೆ ಒಂದು ಕೂಡಿಸಲು ಮರೆತರೆ ಫೈಲ್ ಕೆಡುತ್ತದೆ. ಕತ್ತರಿಸಿಬಿಡುವುದೇ ಸುರಕ್ಷಿತ. ಕತ್ತರಿಸಿದ ಮೇಲೆ ಒಂದೇ ಠಸ್ಸೆಯ ಪ್ಯಾಕೆಟ್‌ಗಳು ಸಿಗುತ್ತವೆ. ಆಗ ಸಮಯದ ಪ್ರಕಾರ ಜೋಡಿಸುವ ಕೋಡ್ ಮೂಲ ಕ್ರಮವನ್ನು ಕದಲಿಸಬಾರದು.

ಕಾರ್ಡೇ ಠಸ್ಸೆ ಒತ್ತಿದರೆ

ಇಂಟರಪ್ಟ್, ಪ್ರೊಸೆಸರ್ ನಿದ್ದೆ, ಕರ್ನಲ್ ಸಾಲು: ಈ ತಲೆನೋವುಗಳಿಗೆಲ್ಲ ಒಂದೇ ಉತ್ತರ, ಠಸ್ಸೆಯನ್ನು ಬಾಗಿಲಲ್ಲೇ ಒತ್ತುವುದು. ನೆಟ್‌ವರ್ಕ್ ಕಾರ್ಡ್‌ನಲ್ಲೇ ಒಂದು ಗಡಿಯಾರ ಇದ್ದು, ಫ್ರೇಮ್ ಒಳಗೆ ಬರುವ ಕ್ಷಣದಲ್ಲೇ ಅದರ ಎಣಿಕೆಯನ್ನು ಬರೆದಿಟ್ಟರೆ, ಆಮೇಲೆ ಪ್ರೊಸೆಸರ್ ಎಷ್ಟು ಹೊತ್ತು ಮಲಗಿದರೂ ಚಿಂತೆ ಇಲ್ಲ. ಈಗಿನ ಬಹಳಷ್ಟು ಕಾರ್ಡ್‌ಗಳಲ್ಲಿ ಈ ಸೌಲಭ್ಯ ಇದೆ. ಈಥ್‌ಟೂಲ್‌ನ ದೊಡ್ಡ ಟಿ ಆಯ್ಕೆ ಕಾರ್ಡ್ ಏನೇನು ಮಾಡಬಲ್ಲದು ಅಂತ ಹೇಳುತ್ತದೆ. ಟಿಸಿಪಿಡಂಪ್‌ನ ದೊಡ್ಡ ಜೆ ಆಯ್ಕೆ ಯಾವ ಬಗೆಯ ಠಸ್ಸೆಗಳು ಸಿಗುತ್ತವೆ ಅಂತ ಪಟ್ಟಿ ಕೊಡುತ್ತದೆ, ಚಿಕ್ಕ ಜೆ ಅದರಲ್ಲಿ ಒಂದನ್ನು ಆರಿಸುತ್ತದೆ. ಹೋಸ್ಟ್ ಅಂದರೆ ಕಂಪ್ಯೂಟರಿನ ಗಡಿಯಾರ, ಅಡಾಪ್ಟರ್ ಅಂದರೆ ಕಾರ್ಡಿನದು.

ಇಲ್ಲೂ ಹಳ್ಳಗಳಿವೆ. ಕೆಲವು ಕಾರ್ಡ್‌ಗಳು ಪಿಟಿಪಿ ಅನ್ನುವ ಸಮಯ ಹೊಂದಿಸುವ ಪ್ಯಾಕೆಟ್‌ಗಳಿಗೆ ಮಾತ್ರ ಠಸ್ಸೆ ಒತ್ತುತ್ತವೆ, ಉಳಿದವಕ್ಕೆ ಇಲ್ಲ. ಡಬ್ಬದ ಮೇಲೆ "ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಇದೆ" ಅಂತ ಬರೆದದ್ದು ಸುಳ್ಳಲ್ಲ, ನಮ್ಮ ಕೆಲಸಕ್ಕೆ ಮಾತ್ರ ಬಾರದು. ಎಲ್ಲ ಪ್ಯಾಕೆಟ್‌ಗಳಿಗೂ ಒತ್ತುತ್ತದೆಯೇ ಅಂತ ಕೊಳ್ಳುವ ಮೊದಲೇ ನೋಡಬೇಕು. ಇನ್ನು ಕಾರ್ಡಿನ ಗಡಿಯಾರವನ್ನು ಯಾರೂ ಹೊಂದಿಸದಿದ್ದರೆ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ಲಿಬ್‌ಪಿಕ್ಯಾಪ್ ಇಂಥದ್ದನ್ನು "ಹೊಂದಿಸದ ಅಡಾಪ್ಟರ್" ಅಂತ ಬೇರೆಯಾಗಿಯೇ ಕರೆಯುತ್ತದೆ. ಒಂದೇ ಕಾರ್ಡ್‌ನ ಎರಡು ಪೋರ್ಟ್‌ಗಳಿಗೆ ಎರಡು ಬೇರೆ ಗಡಿಯಾರ ಇರುವುದೂ ಉಂಟು.

ಮತ್ತೊಂದು, 37 ಸೆಕೆಂಡ್‌ನ ಕಥೆ. ಪಿಟಿಪಿ ಸಾಮಾನ್ಯವಾಗಿ ಟಿಎಐ ಅನ್ನುವ ಪರಮಾಣು ಸಮಯದಲ್ಲಿ ನಡೆಯುತ್ತದೆ. ನಮ್ಮ ಕಂಪ್ಯೂಟರ್‌ಗಳು ಯುಟಿಸಿಯಲ್ಲಿ. ನಡುನಡುವೆ ಸೇರಿಸಿದ ಅಧಿಕ ಸೆಕೆಂಡ್‌ಗಳಿಂದಾಗಿ 2017ರ ಜನವರಿ 1ರಿಂದ ಎರಡರ ನಡುವೆ 37 ಸೆಕೆಂಡ್ ವ್ಯತ್ಯಾಸ. ಕ್ಯಾಪ್ಚರ್ ಫೈಲ್ ಸರಿಯಾಗಿ 37 ಸೆಕೆಂಡ್ ಮುಂದೆ ಇದ್ದರೆ ಬೇರೆ ಏನೂ ಹುಡುಕಬೇಡಿ, ಇದೇ.

ಸಾಮಾನ್ಯ ಕಾರ್ಡ್ ಸಾಲದು ಅನ್ನುವವರಿಗೆ ಕ್ಯಾಪ್ಚರ್‌ಗೆಂದೇ ಮಾಡಿದ ಕಾರ್ಡ್‌ಗಳಿವೆ. ನ್ಯೂಜಿಲೆಂಡ್‌ನ ವೈಕಾಟೊ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಡ್ಯಾಗ್ ಕಾರ್ಡ್‌ಗಳು ಇದರಲ್ಲಿ ಹೆಸರುವಾಸಿ. ಅವುಗಳ ಠಸ್ಸೆ 64 ಬಿಟ್: 32 ಬಿಟ್ ಸೆಕೆಂಡ್‌ಗೆ, 32 ಬಿಟ್ ಸೆಕೆಂಡಿನ ಭಾಗಕ್ಕೆ. ಕೊನೆಯ ಬಿಟ್‌ನ ಬೆಲೆ ಸುಮಾರು 0.23 ನ್ಯಾನೊಸೆಕೆಂಡ್.

ಇಷ್ಟು ಸೂಕ್ಷ್ಮಕ್ಕೆ ಇಳಿದರೆ ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. ಟ್ಯಾಪ್‌ನಿಂದ ಎರಡು ಪೋರ್ಟ್‌ಗಳಿಗೆ ಎಳೆದ ಕೇಬಲ್‌ಗಳಲ್ಲಿ ಒಂದು 2 ಮೀಟರ್, ಇನ್ನೊಂದು 10 ಮೀಟರ್ ಇದ್ದರೆ 40 ನ್ಯಾನೊಸೆಕೆಂಡ್ ಅಲ್ಲೇ ಹೋಯಿತು. ಠಸ್ಸೆ ಬೀಳುವುದು ಫ್ರೇಮ್‌ನ ತಲೆ ಬಂದಾಗಲೋ ಬಾಲ ಬಂದಾಗಲೋ ಅನ್ನುವುದೂ ಮುಖ್ಯ. 1518 ಬೈಟ್‌ನ ಫ್ರೇಮ್‌ಗೆ 1 ಗಿಗಾಬಿಟ್‌ನಲ್ಲಿ ತಲೆಗೂ ಬಾಲಕ್ಕೂ ನಡುವೆ 12 ಮೈಕ್ರೊಸೆಕೆಂಡ್. ಪಿಟಿಪಿ ನಿಯಮ ತಲೆಯನ್ನು ಹಿಡಿಯುತ್ತದೆ. ಬರುವ ಪ್ಯಾಕೆಟ್‌ಗೆ ಸಾಫ್ಟ್‌ವೇರ್ ಠಸ್ಸೆ ಯಾವಾಗಲೂ ಬಾಲದ ನಂತರವೇ. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿದರೆ ದೊಡ್ಡ ಪ್ಯಾಕೆಟ್‌ಗಳೆಲ್ಲ ಸುಮ್ಮನೆ ನಿಧಾನದವಾಗಿ ಕಾಣುತ್ತವೆ.

ಎರಡು ಯಂತ್ರಗಳ ನಡುವೆ ಅಳೆಯುವವರಿಗೆ ಗಡಿಯಾರ ಹೊಂದಿಸುವ ಕೆಲಸ ಬೇರೆ ಇದೆ. ಅಗ್ಗದ ಸ್ಫಟಿಕ ಗಡಿಯಾರ ಹತ್ತು ಲಕ್ಷದಲ್ಲಿ 50 ಪಾಲು ತಪ್ಪಬಹುದು. ಅದು ದಿನಕ್ಕೆ 4 ಸೆಕೆಂಡ್‌ಗಿಂತ ಜಾಸ್ತಿ. ಇಂಟರ್‌ನೆಟ್ ಮೂಲಕ ಎನ್‌ಟಿಪಿ ಮಾಡಿದರೆ ಮಿಲಿಸೆಕೆಂಡ್‌ಗಳ ಮಟ್ಟಕ್ಕೆ ಬರುತ್ತದೆ. ಪಿಟಿಪಿ, ಕಾರ್ಡಿನ ಠಸ್ಸೆ ಮತ್ತು ಅದನ್ನು ಅರಿತ ಸ್ವಿಚ್‌ಗಳು ಮೂರೂ ಇದ್ದರೆ ಮೈಕ್ರೊಸೆಕೆಂಡ್‌ಗಿಂತ ಕೆಳಗೆ ಇಳಿಯುತ್ತದೆ.

ಪರೀಕ್ಷೆ

ನಿಮ್ಮ ಫೈಲ್ ಎಷ್ಟು ನಿಜ ಹೇಳುತ್ತಿದೆ ಅಂತ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಮೊದಲು ಕೊನೆಯ ಮೂರು ಅಂಕಿ ನೋಡಿ. ಎಲ್ಲ ಸಾಲಿನಲ್ಲೂ 000 ಇದ್ದರೆ ಎಲ್ಲೋ ಮೈಕ್ರೊಸೆಕೆಂಡ್ ಡಬ್ಬಿ ಇದೆ, ಮೇಲೆ ಸೊನ್ನೆಯ ಗಿಲೀಟು. ಅಂತರಗಳೆಲ್ಲ ಸುಮಾರು 238ರ ಅಥವಾ 279ರ ಮಡಿಕೆಯಲ್ಲೇ ಬೀಳುತ್ತಿದ್ದರೆ ಯಾರು ಕಾರಣ ಅಂತ ಈಗಾಗಲೇ ಹೇಳಿದ್ದೇನೆ. ಆಮೇಲೆ ಸಮ ಅಂತರದಲ್ಲಿ ಪ್ಯಾಕೆಟ್ ಕಳಿಸಿ, ಹಿಡಿದ ಅಂತರಗಳನ್ನು ಎಣಿಸಿ ಚಿತ್ರ ಬಿಡಿಸಿ. ಒಂದೇ ಗುಡ್ಡ ಬಂದರೆ ಚೆನ್ನಾಗಿದೆ. ಸೊನ್ನೆಯ ಹತ್ತಿರ ಒಂದು, ದೂರದಲ್ಲಿ ಇನ್ನೊಂದು ಗುಡ್ಡ ಬಂದರೆ ಇಂಟರಪ್ಟ್ ಗುಂಪಾಗುತ್ತಿದೆ. ಕಾರ್ಡ್ ಬೆಂಬಲಿಸಿದರೆ ಒಂದೇ ಪ್ಯಾಕೆಟ್‌ಗೆ ಕಾರ್ಡಿನ ಠಸ್ಸೆ, ಕರ್ನಲ್‌ನ ಠಸ್ಸೆ ಎರಡನ್ನೂ ತೆಗೆದು ಕಳೆದು ನೋಡಿ. ಆ ವ್ಯತ್ಯಾಸ ಎಷ್ಟು ಕುಣಿಯುತ್ತದೋ ಅಷ್ಟು ನಿಮ್ಮ ಸಾಫ್ಟ್‌ವೇರ್ ಠಸ್ಸೆಯ ಅಸಲಿ ತಪ್ಪು.

ಮೊದಲಿಗೆ ಹೇಳಿದ ಆ ಪ್ರಶ್ನೆಗೆ ಮುಂಚಿನ ಉತ್ತರವನ್ನು ಆಮೇಲೆ ಇನ್ನೊಮ್ಮೆ ಹಿಡಿದೆ. ಎರಡೂ ಪೋರ್ಟ್‌ಗಳಲ್ಲಿ ಕಾರ್ಡಿನ ಠಸ್ಸೆ, ಒಂದೇ ಉದ್ದದ ಕೇಬಲ್, ಎಲ್ಲ ಸರಿ ಅಂದುಕೊಂಡು ಫೈಲ್ ತೆರೆದರೆ ಈ ಸಲ ಉತ್ತರ ಬಂದದ್ದು 37 ಸೆಕೆಂಡ್ ತಡವಾಗಿ. ಒಂದು ಪೋರ್ಟ್‌ನ ಗಡಿಯಾರವನ್ನು ಟಿಎಐಗೆ ಹೊಂದಿಸಿ, ಇನ್ನೊಂದನ್ನು ಯುಟಿಸಿಗೆ ಹೊಂದಿಸಿದ್ದೆ. ಅದನ್ನೂ ಸರಿಮಾಡಿ ಮೂರನೇ ಸಲ ಹಿಡಿದಾಗ 31 ಮೈಕ್ರೊಸೆಕೆಂಡ್ ಬಂತು, ಪ್ರಶ್ನೆ ಮೊದಲು, ಉತ್ತರ ಆಮೇಲೆ.